ಚೀಟಿ ತಿದ್ದಿದ ಭಾನುವಾರ

ಒಂದು ಕಡೆ ಕೂರುವುದು ನನ್ನಿಂದ ಆಗದ ಕೆಲಸ. ಶಿವಮೊಗ್ಗದ ಕಾಲೇಜೊಂದರಲ್ಲಿ ಅಷ್ಟು ವರ್ಷ ಕಲೆಯ ಇತಿಹಾಸ ಪಾಠ ಮಾಡಿದರೂ ಕುರ್ಚಿ ಮುಟ್ಟಿದ್ದು ಕಡಿಮೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಮಾತಾಡುತ್ತಿದ್ದೆ. ವಿದ್ಯಾರ್ಥಿನಿಯರು ಕತ್ತು ಹೊರಳಿಸಿ ಹೊರಳಿಸಿ ಸುಸ್ತಾಗುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅಮ್ಮ ಬೈಯುತ್ತಿದ್ದಳು. ಈಗ ನಿವೃತ್ತಿಯಾಗಿದೆ, ಮನೆಯಲ್ಲಿ ನಾನೊಬ್ಬಳೇ, ನಡೆಯಲು ಜಾಗ ಇನ್ನೂ ಹೆಚ್ಚಾಗಿದೆ.

ಇಂಥವಳು ಹೋಗಿ ಹೋಗಿ ಮನಸ್ಸು ಕೊಟ್ಟದ್ದು ಚೀನಾದ ಸುರುಳಿ ಚಿತ್ರಗಳಿಗೆ. ಅವನ್ನು ಗೋಡೆಗೆ ತೂಗುಹಾಕಿ ಒಂದೇ ನೋಟಕ್ಕೆ ನೋಡಿ ಮುಗಿಸುವಂತಿಲ್ಲ. ಮೇಜಿನ ಮೇಲಿಟ್ಟು ಬಲಗಡೆಯಿಂದ ಒಂದು ಮೊಳ ಬಿಚ್ಚಬೇಕು, ನೋಡಬೇಕು, ನೋಡಿದ್ದನ್ನು ಸುತ್ತಿಕೊಂಡು ಮುಂದಿನ ಮೊಳ ಬಿಚ್ಚಬೇಕು. ಚಿತ್ರ ಮುಗಿದ ಮೇಲೂ ಸುರುಳಿ ಮುಗಿಯುವುದಿಲ್ಲ. ಕೊನೆಗೆ ಬೇರೆ ಕಾಗದ ಅಂಟಿಸಿರುತ್ತಾರೆ. ಚಿತ್ರ ನೋಡಿದವರು ಅಲ್ಲಿ ತಮ್ಮ ಮಾತು ಬರೆಯುತ್ತಾರೆ. ನೂರು ವರ್ಷದ ನಂತರ ಇನ್ಯಾರೋ ನೋಡಿ ತಮ್ಮದನ್ನೂ ಸೇರಿಸುತ್ತಾರೆ. ಕಾಗದ ಸಾಲದಿದ್ದರೆ ಇನ್ನಷ್ಟು ಅಂಟಿಸುತ್ತಾರೆ. ದೊರೆಗಳಂತೂ ಚಿತ್ರದ ಆಕಾಶದಲ್ಲೇ ಕೆಂಪು ಮುದ್ರೆ ಒತ್ತಿಬಿಡುತ್ತಿದ್ದರು. ನಾನು ಓದಿದ್ದು ಮುಖ್ಯವಾಗಿ ಈ ಬಾಲದ ಬರಹಗಳನ್ನು. ನಿಘಂಟು ಇಟ್ಟುಕೊಂಡು ಅಕ್ಷರ ಅಕ್ಷರ ಬಿಡಿಸಿ ಓದಲು ಕಲಿತೆ. ಕುಂಚ ಹಿಡಿದು ಅವರ ಹಾಗೆ ಬರೆಯುವುದನ್ನೂ ಅಭ್ಯಾಸ ಮಾಡಿದೆ. ಅದರಿಂದ ನನ್ನ ಕನ್ನಡದ ಕೈಬರಹ ತೀರಾ ಸುಂದರವಾಯಿತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೇನೆ.

ಊರಿನವರಿಗೆ ನಾನು ಚೀನಾ ಮೇಡಂ. ಕೊರೋನಾ ಕಾಲದಲ್ಲಿ ತರಕಾರಿಯವನು ಮಾಸ್ಕಿನ ಒಳಗಿನಿಂದಲೇ, "ನಿಮ್ಮೋರು ಏನ್ ಮಾಡಿದ್ರು ನೋಡಿ ಮೇಡಂ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಿದ್ದ. ಗಡಿಯಲ್ಲಿ ಗಲಾಟೆಯಾದಾಗ ಪಕ್ಕದ ಮನೆಯವರು ನಾಲ್ಕು ದಿನ ಮಾತು ಬಿಟ್ಟರು. ನಾನು ಆ ದೇಶಕ್ಕೆ ಹೋದದ್ದು ಒಂದೇ ಸಲ, ಮೂರು ವಾರ. ಎಂಟು ನೂರು ವರ್ಷ ಹಿಂದೆ ಸತ್ತವರು ಬರೆದದ್ದನ್ನು ಓದುವವಳಿಗೆ ಈಗಿನವರ ಜವಾಬ್ದಾರಿ ಯಾಕಪ್ಪಾ ಎಂದರೆ ಯಾರೂ ಕೇಳುವುದಿಲ್ಲ.

ಭದ್ರಾವತಿಯ ಸಂಬಂಧ ಶುರುವಾದದ್ದು ಕೊರೋನಾ ಮುಗಿದ ಮೇಲೆ. ನ್ಯೂ ಟೌನಿನಲ್ಲಿ ಕೆಲವು ನಿವೃತ್ತ ಕಾರ್ಮಿಕರು ಸೇರಿ ತಿಂಗಳ ಎರಡನೆಯ ಭಾನುವಾರ ಒಂದು ಉಪನ್ಯಾಸ ನಡೆಸುತ್ತಿದ್ದರು. ವಿಷಯ ಸದಾ ಒಂದೇ: ಆರೋಗ್ಯ ಮತ್ತು ಸಾಮಾಜಿಕ ನ್ಯಾಯ. ಕೊರೋನಾದ ಆ ಎರಡು ವರ್ಷಗಳಲ್ಲಿ ಪ್ರತಿ ಬೀದಿಯಲ್ಲೂ ಯಾರಾದರೊಬ್ಬರು ತೀರಿಹೋಗಿದ್ದರು. ಆಸ್ಪತ್ರೆಯಲ್ಲಿ ಯಾರಿಗೆ ಹಾಸಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎನ್ನುವುದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಸಂಚಾಲಕರು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಮನೆಮಾತು ತಮಿಳು, ಕನ್ನಡ ಮಾತಾಡಿದರೂ ಅದರ ರಾಗ ತಮಿಳಿನದು. ಅವರು ನನ್ನನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಬಂದು, "ಚೀನಾ ಚಿತ್ರದಲ್ಲಿ ಡಾಕ್ಟ್ರು ಇದಾರಂತಲ್ಲಾ ಮೇಡಂ, ನಮ್ ಜನಕ್ಕೆ ತೋರಿಸ್ಬೇಕು ನೀವು" ಎಂದರು. ಇದ್ದದ್ದು ನಿಜ. ನಾನು ವರ್ಷಗಟ್ಟಲೆ ಓದುತ್ತಿದ್ದ ಒಂದು ಸುರುಳಿಯಲ್ಲಿ, ಹೆಸರಿಲ್ಲದ ಚಿತ್ರಕಾರನೊಬ್ಬ ಬರೆದ ಹೊಳೆದಂಡೆಯ ಪೇಟೆಯಲ್ಲಿ, ವೈದ್ಯನ ಒಂದು ಅಂಗಡಿ ಇತ್ತು.

ಒಪ್ಪಿಕೊಂಡು ಹೋದರೆ ಸಭಾಂಗಣದ ಗೋಡೆಗೆ ಹನ್ನೆರಡು ಅಡಿಯ ಫ್ಲೆಕ್ಸ್! ನಾನು ಕಳಿಸಿದ್ದ ಚಿತ್ರವನ್ನೇ ಹಿಗ್ಗಿಸಿ ಮುದ್ರಿಸಿದ್ದರು. ಹೊಳೆಯ ಮೇಲೆ ಖಾಲಿ ಬಿಟ್ಟಿದ್ದ ಆಕಾಶದಲ್ಲಿ ಸಮಿತಿಯ ಏಳು ಜನರ ಪಾಸ್‌ಪೋರ್ಟ್ ಫೋಟೋ, ಸಾಲಾಗಿ, ಒಬ್ಬೊಬ್ಬರಿಗೂ ಹೂವಿನ ಚೌಕಟ್ಟು. ನನಗೆ ಮೈಯೆಲ್ಲ ಉರಿಯಿತು. ಆ ಖಾಲಿ ಆಕಾಶದ ಬಗ್ಗೆಯೇ ನಾನು ಒಂದು ಅಧ್ಯಾಯ ಬರೆದಿದ್ದೆ. ಮೈಕ್ ಹಿಡಿದವಳೇ ಮೊದಲು ಅದಕ್ಕೆ ಬೈದೆ. ಬೈಯುತ್ತಾ ಬೈಯುತ್ತಾ ದೊರೆಗಳ ಮುದ್ರೆಯ ವಿಷಯ ಬಾಯಿಗೆ ಬಂತು. ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು, "ಹಂಗಾದ್ರೆ ನಮ್ ಸಮಿತಿಯೋರು ಮಾಡಿದ್ದು ಸರಿಯಾಗೇ ಇದೆ ಬಿಡಿ ಮೇಡಂ" ಎಂದರು. ಸಭೆಯೆಲ್ಲ ನಕ್ಕಿತು, ನನಗೂ ನಗು ತಡೆಯಲಿಲ್ಲ. ಆವತ್ತಿನಿಂದ ನಾನು ಅವರ ಮನೆಯವಳಾದೆ.

ನನಗೆ ಕೊಟ್ಟ ಕೆಲಸ ಚೀಟಿಯದು. ಅದಕ್ಕೊಂದು ಹಿನ್ನೆಲೆ ಇದೆ. ಮೊದಮೊದಲು ಉಪನ್ಯಾಸದ ನಂತರ ಸಭಿಕರ ಕೈಗೇ ಮೈಕ್ ಕೊಡುತ್ತಿದ್ದರಂತೆ. ಆದರೆ ಅವರಲ್ಲಿ ಅರ್ಧ ಜನ ಹಳೆಯ ಯೂನಿಯನ್ ಲೀಡರುಗಳು. ಮೈಕ್ ಕೈಗೆ ಬಂತೆಂದರೆ ಪ್ರಶ್ನೆ ಎಲ್ಲಿಂದ ಬರಬೇಕು? ಕಾರ್ಖಾನೆಯ ಗೇಟ್ ಮೀಟಿಂಗಿನ ಭಾಷಣವೇ ಶುರುವಾಗುತ್ತಿತ್ತು. ಬಂದ ಅತಿಥಿ ಬಾಯಿ ಬಿಡುವ ಹೊತ್ತಿಗೆ ಸಭಾಂಗಣಕ್ಕೆ ಬೀಗ ಹಾಕುವ ಸಮಯ. ಅದಕ್ಕೇ ಇನ್ನು ಮೇಲೆ ಎಲ್ಲರೂ ಚೀಟಿಯಲ್ಲಿ ಬರೆದು ಕೊಡಬೇಕು, ವೇದಿಕೆಯಲ್ಲಿ ಒಬ್ಬರೇ ಓದಬೇಕು ಎಂದು ನಿಯಮವಾಯಿತು. ಅಕ್ಷರ ಚೆನ್ನಾಗಿದೆ, ದನಿ ಗಟ್ಟಿ, ಯಾರಿಗೂ ಹೆದರುವುದಿಲ್ಲ ಎಂದು ಓದುವ ಕೆಲಸ ನನ್ನ ಪಾಲಿಗೆ ಬಂತು. ಬರೆಯಲು ಬಾರದವರು ನನ್ನ ಹತ್ತಿರ ಬಂದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಈಗ ತಪ್ಪೊಪ್ಪಿಕೊಳ್ಳಬೇಕು. ನಾನು ಚೀಟಿಗಳನ್ನು ಬಂದ ಹಾಗೆ ಓದುತ್ತಿರಲಿಲ್ಲ. ಕಾಗುಣಿತ ತಪ್ಪಿದ, ಅರ್ಧಕ್ಕೆ ನಿಂತ, ಒಂದರೊಳಗೊಂದು ಸಿಕ್ಕಿಕೊಂಡ ವಾಕ್ಯಗಳನ್ನು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಉಪನ್ಯಾಸ ನಡೆಯುತ್ತಿರುವಾಗಲೇ ಒಂದು ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಶುದ್ಧವಾಗಿ ತಿದ್ದಿ ಬರೆದು, ಹೆಸರು ಗಿಸರು ಬಿಟ್ಟು, ಸಂಖ್ಯೆ ಹಾಕಿ ಇಟ್ಟುಕೊಳ್ಳುತ್ತಿದ್ದೆ. ಬಂದ ಅತಿಥಿಗಳು, "ನಿಮ್ಮ ಭದ್ರಾವತಿಯ ಸಭಿಕರ ಪ್ರಶ್ನೆಗಳು ಎಷ್ಟು ಪ್ರಬುದ್ಧವಾಗಿವೆ" ಎಂದು ಹೊಗಳುತ್ತಿದ್ದರು. ಸಭಿಕರಿಗೂ ಖುಷಿ, ಸಮಿತಿಗೂ ಖುಷಿ. ನನಗಂತೂ ಒಳಗೊಳಗೇ ಹೆಮ್ಮೆ.

ಆ ಭಾನುವಾರ ಬಂದವರು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ವಿಭಾಗ ನೋಡಿಕೊಳ್ಳುವ ಡಾಕ್ಟರು. ಒಳ್ಳೆಯ ಮಾತುಗಾರರು, ಒಳ್ಳೆಯವರೂ ಹೌದು. ಹಾಲ್ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಭಾಷಣ ಶುರುವಾಗುವ ಸ್ವಲ್ಪ ಮುಂಚೆ ಹೆಂಗಸೊಬ್ಬಳು ವೇದಿಕೆಯ ಪಕ್ಕಕ್ಕೆ ಬಂದು ನಿಂತಳು. ನಲವತ್ತರ ಆಚೆ ಈಚೆ ವಯಸ್ಸು. ಬೆರಳುಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು. ಅಡಿಕೆ ಸುಲಿಯುವ ಕೆಲಸದವಳು ಎಂದು ಹೇಳಬೇಕಾಗಿರಲಿಲ್ಲ. ಭದ್ರಾವತಿಯ ಮೆಡಿಕಲ್ ಶಾಪಿಗೆ ಗಂಡನ ಮಾತ್ರೆಗೆಂದು ಬಂದಾಗ ನಮ್ಮ ಕರಪತ್ರ ಕಂಡು, ಅಂಗಡಿಯವರಿಂದ ಓದಿಸಿಕೊಂಡು, ಭಾನುವಾರ ಕೂಲಿ ಬಿಟ್ಟು ಬಂದಿದ್ದಳು.

"ನಂಗೆ ಬರೆಯಕ್ಕೆ ಬರಲ್ಲಮ್ಮ. ಬರ್ಕೊಳ್ತೀರಾ?"

"ಹೇಳಿ" ಎಂದೆ. ಪೆನ್ನು ಕೈಯಲ್ಲೇ ಇತ್ತು.

"ನಮ್ಮನೆಯೋರಿಗೆ ಈ ಡಾಕ್ಟ್ರ ಆಸ್ಪತ್ರೇಲೇ ಸೋಮವಾರ, ಗುರುವಾರ ರಕ್ತ ತೊಳೆಯೋದು. ನಮ್ ಊರು ಹೊಳೆಹೊನ್ನೂರಿಂದ ಆಚೆ. ಮೊದಲ್ನೇ ಬಸ್ಸು ಏಳಕ್ಕೆ. ಅಲ್ಲಿ ಮಿಷನ್ನು ಆರಕ್ಕೆ ಹಾಕ್ತಾರೆ. ನಾವು ಹೋಗೋದ್ರೊಳಗೆ ಆ ಮಿಷನ್ನಿಗೆ ಬೇರೆಯೋರು ಮಲಗಿರ್ತಾರೆ. ಆಮೇಲೆ ಎಲ್ಲಾರೂ ಮುಗಿದ್ಮೇಲೆ ಒಂದೆರಡು ಗಂಟೆ ಹಾಕಿ ಕಳಿಸ್ತಾರೆ, ಇಲ್ಲಾಂದ್ರೆ ಅದೂ ಇಲ್ಲ. ಮಧ್ಯಾಹ್ನಕ್ಕೆ ಹಾಕ್ಕೊಡ್ತಾರಾ ಕೇಳಿ. ಅಷ್ಟೇ."

ಅಷ್ಟೇ ಎಂದು ಅವಳೇ ಹೇಳಿದಳು. ನಾನು ತಲೆಯಾಡಿಸಿದೆ. ಆಮೇಲೆ ಆ ಬಿಳಿ ಹಾಳೆಯ ಮೇಲೆ, ಮೂರನೆಯ ಸಂಖ್ಯೆ ಹಾಕಿ, ನನ್ನ ಚಂದದ ಅಕ್ಷರದಲ್ಲಿ ಬರೆದದ್ದು ಹೀಗೆ: ಗ್ರಾಮೀಣ ಪ್ರದೇಶದ ರೋಗಿಗಳಿಗೆ ಡಯಾಲಿಸಿಸ್ ಸೌಲಭ್ಯ ದೊರೆಯುವಲ್ಲಿ ಇರುವ ಅಸಮಾನತೆಯನ್ನು ನಿವಾರಿಸುವ ಬಗ್ಗೆ ತಮ್ಮ ಅಭಿಪ್ರಾಯವೇನು?

ಬರೆದು ಮುಗಿಸಿ ಒಮ್ಮೆ ಓದಿಕೊಂಡೆ. ಬಹಳ ಚೆನ್ನಾಗಿದೆ ಅನ್ನಿಸಿತು.

ಡಾಕ್ಟರು ಆ ಪ್ರಶ್ನೆಗೆ ಇಪ್ಪತ್ತು ನಿಮಿಷ ಉತ್ತರ ಕೊಟ್ಟರು. ನೀತಿ, ಯೋಜನೆ, ನಗರಕ್ಕೂ ಹಳ್ಳಿಗೂ ಇರುವ ಅಂತರ, ಬೇರೆ ರಾಜ್ಯಗಳು ಏನು ಮಾಡುತ್ತಿವೆ, ನಮ್ಮಲ್ಲಿ ಏನಾಗಬೇಕು. ಒಂದು ಮಾತೂ ಸುಳ್ಳಲ್ಲ. ಚಪ್ಪಾಳೆ ಬಿತ್ತು. ನಾನು ಸಭೆಯತ್ತ ನೋಡಿದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು, ನನ್ನ ಬಾಯನ್ನೇ ನೋಡುತ್ತಾ. ನಾಲ್ಕನೆಯ ಪ್ರಶ್ನೆ ಓದಿದೆ, ಐದನೆಯದು ಓದಿದೆ. ಪ್ರತಿ ಸಲ ನಾನು ಹಾಳೆ ಎತ್ತಿದಾಗಲೂ ಅವಳು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು. ನನಗೆ ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಏನೆಂದು ಹೊಳೆಯಲಿಲ್ಲ. ಕಾಲು ಮಾತ್ರ ಮೇಜಿನ ಕೆಳಗೆ ಅಲ್ಲಾಡಲು ಶುರುಮಾಡಿತು.

ವಂದನಾರ್ಪಣೆ ಮುಗಿಯಿತು. ಜನ ಏಳುವಾಗ ಅವಳು ಅವರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು.

"ನಂದು ಓದ್ಲೇ ಇಲ್ವಲ್ಲಮ್ಮ?"

ಓದಿದೆನಲ್ಲ, ಮೂರನೆಯದು ನಿಮ್ಮದೇ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಂಚಾಲಕರು, "ಮೇಡಂ, ಬನ್ನಿ ಬನ್ನಿ, ಗ್ರೂಪ್ ಫೋಟೋ, ಡಾಕ್ಟ್ರು ಹೊರಡ್ತಾರೆ" ಎಂದು ನನ್ನ ತೋಳು ಹಿಡಿದೇ ಎಳೆದರು. "ಒಂದ್ನಿಮಿಷ ಇರಿ, ಬಂದೆ" ಎಂದು ಅವಳಿಗೆ ಹೇಳಿ ಹೋದೆ. ಫ್ಲೆಕ್ಸ್ ಮುಂದೆ ನಿಂತೆವು. ಶಾಲು, ಹಾರ, ಎಡಕ್ಕೆ ಸರಿಯಿರಿ, ಬಲಕ್ಕೆ ಸರಿಯಿರಿ, ಇನ್ನೊಂದು ಸಲ. ಡಾಕ್ಟರು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅಲ್ಲೇ ಅವರ ಕಿವಿಯಲ್ಲಿ ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಫೋಟೋದಲ್ಲಿ ಬಾಯಿ ತೆರೆದುಕೊಂಡು ಕಾಣಬಾರದಲ್ಲ. ಅವರ ಕಾರು ಹೋಯಿತು. ತಿರುಗಿ ನೋಡಿದರೆ ಅವಳೂ ಇರಲಿಲ್ಲ. ಊರಿನ ಕೊನೆಯ ಬಸ್ಸಿಗೆ ಹೊತ್ತಾಯಿತು ಎಂದು ಓಡಿದಳಂತೆ.

ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೇ ಬಂದೆ. ಕಂಡಕ್ಟರ್, "ಸೀಟ್ ಐತಲ್ಲಮ್ಮ" ಎಂದು ಎರಡು ಸಲ ಹೇಳಿ ಸುಮ್ಮನಾದ.

ಮರುದಿನ ಸೋಮವಾರ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಹುಡುಕಬೇಕು ಎಂದು ಭಾನುವಾರವೇ ತೀರ್ಮಾನಿಸಿದ್ದೆ. ಹೋಗಲಿಲ್ಲ. ನನ್ನ ಒಂದು ಲೇಖನದ ಕರಡು ತಿದ್ದಿ ಕಳಿಸಬೇಕಿತ್ತು. ಆ ಹೊಳೆದಂಡೆಯ ಸುರುಳಿಯ ಬಾಲದ ಬರಹಗಳ ಮೇಲಿನ ಲೇಖನ. ಮಧ್ಯಾಹ್ನ ಹೋದರಾಯಿತು ಎಂದುಕೊಂಡೆ, ಮಧ್ಯಾಹ್ನವಾದಾಗ, ಗುರುವಾರ ಹೋದರಾಯಿತು ಎಂದುಕೊಂಡೆ. ನಾಚಿಕೆಯಾದಾಗ ಮನುಷ್ಯರಿಗೆ ಎಷ್ಟೊಂದು ಕೆಲಸ ನೆನಪಾಗುತ್ತದೆ!

ಕರಡು ಓದಲು ಕೂತೆ, ಎದ್ದೆ, ಮತ್ತೆ ಕೂತೆ. ಆ ಸುರುಳಿಯ ಕೊನೆಯಲ್ಲಿ ಹದಿನಾಲ್ಕು ಜನ ಬರೆದಿದ್ದಾರೆ. ಮಂಜಿನ ಬಗ್ಗೆ ಇದೆ, ಶಾಯಿ ಎಷ್ಟು ತೆಳುವಾಗಿ ಹರಿದಿದೆ ಎಂಬ ಬಗ್ಗೆ ಇದೆ, ಗೆಳೆಯರೊಡನೆ ಕೂತು ಇದನ್ನು ನೋಡಿದ ಸಂಜೆಯ ಬಗ್ಗೆ ಇದೆ. ಚಿತ್ರದಲ್ಲಿ ವೈದ್ಯನ ಅಂಗಡಿಯ ಮುಂದೆ ಒಬ್ಬ ಹೆಂಗಸು ಒಂಟಿ ಚಕ್ರದ ತಳ್ಳುಗಾಡಿ ತಳ್ಳುತ್ತಿದ್ದಾಳೆ. ಅದರಲ್ಲಿ ಗಂಡಸೊಬ್ಬ ಮುದುರಿ ಮಲಗಿದ್ದಾನೆ. ಅಂಗಡಿಯವನು ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬಾಗಿಲು ಮುಚ್ಚುತ್ತಿದ್ದಾನೆ. ಹದಿನಾಲ್ಕು ಜನರಲ್ಲಿ ಒಬ್ಬನೂ ಆ ಗಾಡಿಯ ಬಗ್ಗೆ ಬರೆದಿಲ್ಲ. ನಾನು ಬರೆದಿದ್ದೆ. ಚಕ್ರದ ಕಡ್ಡಿಗಳನ್ನು ಎಣಿಸಿ, ಅಂಥ ಚಕ್ರ ಯಾವ ಕಾಲದ್ದು ಎಂದು ವಾದ ಮಾಡಿ, ಚಿತ್ರದ ಕಾಲ ನಿರ್ಧರಿಸಲು ಬಳಸಿಕೊಂಡಿದ್ದೆ. ಗಾಡಿಯಲ್ಲಿ ಮಲಗಿದ್ದವನಿಗೆ ಏನಾಗಿತ್ತು ಎಂಬ ಯೋಚನೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಬಂದಿರಲಿಲ್ಲ. ನನಗೆ ನನ್ನ ಮೇಲೇ ವಿಪರೀತ ಸಿಟ್ಟು ಬಂತು. ಕರಡು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ತುಂಗೆಯ ಸೇತುವೆಯವರೆಗೆ ಹೋಗಿ ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಗುರುವಾರ ಆರು ಗಂಟೆಗೆ ಮುಂಚೆಯೇ ಆಸ್ಪತ್ರೆಯಲ್ಲಿದ್ದೆ. ಡಯಾಲಿಸಿಸ್ ವಿಭಾಗದ ಹೊರಗೆ ಉದ್ದನೆಯ ಕಬ್ಬಿಣದ ಬೆಂಚು. ಫ್ಲಾಸ್ಕು, ಕಂಬಳಿ, ಫೈಲು ಹಿಡಿದ ಜನ. ಒಬ್ಬೊಬ್ಬರನ್ನೇ ಒಳಗೆ ಕರೆದರು. ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ಅವಳು ಬರಲಿಲ್ಲ. ಕೊನೆಗೆ ಟೆಕ್ನಿಷಿಯನ್ ಹೊರಗೆ ಬಂದಾಗ ತಡೆದು ಕೇಳಿದೆ.

"ಯಾವ ಪೇಷಂಟ್ ಮೇಡಂ? ಹೆಸರೇನು?"

"ಗೊತ್ತಿಲ್ಲ. ಅವರ ಹೆಂಡತಿ ನನಗೆ ಗೊತ್ತು."

"ಅವರ ಹೆಸರು?"

ಅದೂ ಗೊತ್ತಿರಲಿಲ್ಲ. ಆ ಸುರುಳಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಒಂದೊಂದು ಮುದ್ರೆ ನೋಡಿ ವರದಿ ಒಪ್ಪಿಸಬಲ್ಲವಳು ನಾನು. ಕಣ್ಣೆದುರು ನಿಂತು ಮಾತಾಡಿದ ಹೆಂಗಸಿನ ಹೆಸರು ಕೇಳಿರಲಿಲ್ಲ. ಟೆಕ್ನಿಷಿಯನ್ ಪಾಪ ನನ್ನ ಮುಖ ನೋಡಿ, "ಹೊಳೆಹೊನ್ನೂರ್ ಕಡೆಯೋರು ನಾಲ್ಕೈದು ಜನ ಬರ್ತಾರೆ ಮೇಡಂ. ಇವತ್ತು ಆ ಕಡೆಯೋರು ಒಬ್ರು ಬಂದಿಲ್ಲ" ಎಂದು ಒಳಗೆ ಹೋದ.

ಸಂಚಾಲಕರಿಗೆ ಫೋನ್ ಮಾಡಿದೆ. "ಚೀಟಿ ನಿಮ್ಮತ್ರಾನೇ ಇರುತ್ತಲ್ಲಾ ಮೇಡಂ, ಹೆಸರು ಬರ್ದಿರ್ತೀರಲ್ಲಾ?" ಎಂದರು. ಬರೆದಿಲ್ಲ ಎಂದೆ. "ಅಯ್ಯೋ ಸಾಮೀ, ಯಾಕೆ?" ಎಂದರು. ಹಾಳೆ ನೀಟಾಗಿ ಕಾಣಲಿ ಎಂದು ಹೆಸರು ಬಿಡುತ್ತಿದ್ದೆ ಎಂದು ಹೇಳದೆ ಮಾತು ತಿರುಗಿಸಿದೆ. ಡಾಕ್ಟರಿಗೆ ಈಗಲೇ ಫೋನ್ ಮಾಡಲೇ ಎಂದು ಕೇಳಿದರೆ, ಯಾರ ಪರವಾಗಿ ಅಂತ ಹೇಳ್ತೀರಿ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಶುಕ್ರವಾರ ಹೊಳೆಹೊನ್ನೂರಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ, ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಒಂದು ಅಂಗಳದಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರನ್ನು ಕೇಳಿದೆ. ಎಲ್ಲರದ್ದೂ ಒಂದೇ ಪ್ರಶ್ನೆ, ಹೆಸರೇನು, ಯಾವ ಊರು. "ಊರು ಇಲ್ಲಿಂದ ಆಚೆ" ಎಂದರೆ, ಅವರಲ್ಲೊಬ್ಬಳು ಕತ್ತಿ ನಿಲ್ಲಿಸದೆಯೇ, "ಆಚೆ ಅಂದ್ರೆ ಎಷ್ಟು ಊರೈತೆ ಗೊತ್ತಾ ಮಾರಾಯ್ತಿ" ಎಂದು ನಕ್ಕಳು. ಬಿಸಿಲು ಜೋರಾಗಿತ್ತು. ಪೇಟೆಯ ಉದ್ದಕ್ಕೂ ಎರಡು ಸಲ ನಡೆದು ಬರಿಗೈಯಲ್ಲಿ ವಾಪಸು ಬಂದೆ. ಶನಿವಾರ, ಭಾನುವಾರ ಮನೆಯೊಳಗೇ ಸುತ್ತಿದೆ. ಯಾರ ಮೇಲಾದರೂ ಕಾಲು ಕೆರೆದು ಜಗಳ ತೆಗೆಯೋಣ ಎನ್ನುವಷ್ಟು ಸಂಕಟ, ತೆಗೆಯಲು ಮನೆಯಲ್ಲಿ ಯಾರೂ ಇಲ್ಲ.

ಸೋಮವಾರ ಮತ್ತೆ ಅದೇ ಬೆಂಚು. ನನ್ನನ್ನು ಕಂಡ ಕೂಡಲೇ ಟೆಕ್ನಿಷಿಯನ್ ತಾನೇ ಬಂದ. "ಮೇಡಂ, ಆವತ್ತು ನೀವು ಕೇಳಿದ್ರಲ್ಲ, ಅವ್ರೇ ಇರ್ಬೇಕು. ಶನಿವಾರ ಎಮರ್ಜೆನ್ಸಿಗೆ ತಂದ್ರು. ಎರಡು ಟರ್ನ್ ತಪ್ಪಿಸ್ಕೊಂಡಿದ್ರು. ಎದೆಗೆಲ್ಲ ನೀರು ತುಂಬ್ಕೊಂಡಿತ್ತು. ಮೇಲೆ ವಾರ್ಡಲ್ಲಿದಾರೆ."

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ವಾರ್ಡಿನ ಕೊನೆಯ ಮಂಚದ ಪಕ್ಕ ಅವಳು ನೆಲದ ಮೇಲೆ ಕೂತಿದ್ದಳು. ಗಂಡನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು, ಮೂಗಿಗೆ ಆಕ್ಸಿಜನ್. ಕಾಲು ಎರಡೂ ಊದಿ ಹೊಳೆಯುತ್ತಿದ್ದವು. ಕಣ್ಣು ತೆರೆದು ನನ್ನನ್ನು ನೋಡಿದ, ಮಾತಾಡುವಷ್ಟು ಉಸಿರಿರಲಿಲ್ಲ. ಅವಳು ನನ್ನನ್ನು ಗುರುತು ಹಿಡಿದು ಎದ್ದು ನಿಂತಳು.

"ನೀವ್ ಭದ್ರಾವತಿ ಮೇಡಂ ಅಲ್ವಾ? ಯಾರ್ ಅಡ್ಮಿಟ್ ಆಗಿದಾರೆ ನಿಮ್ಮೋರು?"

ನಾನು ಉತ್ತರ ಕೊಡದೆ ಮೊದಲು ಅವರಿಬ್ಬರ ಹೆಸರು ಕೇಳಿದೆ, ಊರಿನ ಹೆಸರು ಕೇಳಿದೆ. ಅಂಗೈ ಮೇಲೆ ಬರೆದುಕೊಂಡು ವರಾಂಡಕ್ಕೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಈ ಸಲ ಸುತ್ತಿ ಬಳಸಲಿಲ್ಲ. ಅವಳು ಹೇಳಿದ್ದನ್ನೇ ಹೇಳಿದೆ, ಬಸ್ಸು ಎಷ್ಟಕ್ಕೆ, ಮಿಷನ್ ಎಷ್ಟಕ್ಕೆ, ಏನು ಬೇಕು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಷ್ಟೇನಾ ಮೇಡಂ?" ಎಂದರು ಡಾಕ್ಟರು. "ಮಧ್ಯಾಹ್ನದ ಶಿಫ್ಟಲ್ಲಿ ಎರಡು ವಾರದಿಂದ ಒಂದು ಜಾಗ ಖಾಲಿ ಇದೆ. ಈಗ್ಲೇ ಹೇಳ್ತೀನಿ. ಆವತ್ತು ಫಂಕ್ಷನ್ನಲ್ಲೇ ಹೇಳಿದ್ರೆ ಸ್ಟೇಜಿಂದಲೇ ಫೋನ್ ಮಾಡ್ತಿದ್ನಲ್ಲ." ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹತ್ತು ನಿಮಿಷದಲ್ಲಿ ಕೆಳಗಿನಿಂದ ಒಂದು ಫಾರ್ಮ್ ಬಂತು, ಅವಳು ಹೆಬ್ಬೆಟ್ಟು ಒತ್ತಿದಳು, ಶಿಫ್ಟ್ ಬದಲಾಯಿತು. ಆ ದಿನವೂ ಮಂಗಳವಾರವೂ ಗಂಡನಿಗೆ ಮಿಷನ್ ಹಾಕಿ ಮೈಯಲ್ಲಿದ್ದ ನೀರು ಇಳಿಸಿದರು. ಬುಧವಾರ ಮನೆಗೆ ಕಳಿಸಿದರು. ಗುರುವಾರ ಮಧ್ಯಾಹ್ನ ಮೊದಲ ಟರ್ನ್. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಹೋದೆ. ಅವರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಅವನು ನಿಧಾನಕ್ಕೆ ನಡೆದೇ ಒಳಗೆ ಹೋದ. ಉಬ್ಬಸ ಇನ್ನೂ ಪೂರ್ತಿ ಹೋಗಿರಲಿಲ್ಲ. ಈ ಸಲ ಹೃದಯಕ್ಕೂ ಪೆಟ್ಟು ಬಿದ್ದಿದೆ, ಇನ್ನು ಮೇಲೆ ಮೊದಲಿನ ಹಾಗೆ ಕೂಲಿಗೆ ಹೋಗಲಾಗುವುದಿಲ್ಲ ಎಂದು ವಾರ್ಡಿನ ಡಾಕ್ಟರು ಹೇಳಿದ್ದರಂತೆ. ಅದನ್ನು ಅವಳು ಸೆರಗಿನಿಂದ ಬೆಂಚು ಒರೆಸುತ್ತಾ ಹೇಳಿದಳು.

ನಾನೂ ಪಕ್ಕದಲ್ಲಿ ಕೂತೆ. ಅವಳು ಡಬ್ಬಿ ಬಿಚ್ಚಿ ಅವಲಕ್ಕಿ ಕೊಟ್ಟಳು, ತಿಂದೆ. ಕೇಳದಿದ್ದರೆ ತಲೆ ಸಿಡಿಯುತ್ತದೆ ಅನ್ನಿಸಿ ಕೇಳಿಬಿಟ್ಟೆ.

"ಆ ಸೋಮವಾರ, ಗುರುವಾರ ಯಾಕೆ ಬರಲಿಲ್ಲ ನೀವು? ತಡವಾಗಿ ಬಂದರೂ ಒಂದೆರಡು ಗಂಟೆ ಹಾಕುತ್ತಿದ್ದರಲ್ಲ?"

"ಸೋಮವಾರ ಬಸ್ಸು ಕೆಟ್ಟು ನಿಂತು ಹೊತ್ತಾಗೋಯ್ತಮ್ಮ, ವಾಪಸ್ ಹೋದ್ವಿ. ಗುರುವಾರ..." ಅವಳು ಡಬ್ಬಿಗೆ ಮುಚ್ಚಳ ಹಾಕಿದಳು. "ಗುರುವಾರ ಇಲ್ಲೇ ಟೆಕ್ನಿಷಿಯನ್ನನ್ನೇ ಕೇಳಣ ಮಧ್ಯಾಹ್ನಕ್ಕೆ ಹಾಕ್ಕೊಡಿ ಅಂತ, ಅಂದ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ಅವತ್ತು ಎಲ್ಲಾರದ್ದೂ ಓದಿದ್ರಿ, ನಂದೊಂದು ಬಿಟ್ರಿ. ಓದಿರೋರು ನೀವು. ಅಂಥೋರೇ ಬಿಟ್ಟಿದಾರೆ ಅಂದ್ಮೇಲೆ ಅದು ಕೇಳ್ಬಾರದ ಮಾತೇ ಇರ್ಬೇಕು ಅಂತ ಸುಮ್ನಾದೆ. ಕೇಳಕ್ಕೆ ಆಗಲ್ಲ, ಆರಕ್ಕೆ ಬರಕ್ಕೂ ಆಗಲ್ಲ. ಅದ್ಕೆ ಮನೇಲೇ ಇಟ್ಕೊಂಡೆ."

ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಬಸ್ಸು ಕೆಟ್ಟದ್ದನ್ನು ಹೇಳಿದಷ್ಟೇ ಸಹಜವಾಗಿ ಹೇಳಿದಳು.

"ನಾನು ಬಿಟ್ಟಿರಲಿಲ್ಲ" ಎಂದೆ. ಅವಳ ಕಡೆ ತಿರುಗಿ ಮತ್ತೆ ಹೇಳಿದೆ. "ಬಿಟ್ಟಿರಲಿಲ್ಲ. ಓದಿದೆ. ಮೂರನೆಯದು ನಿಮ್ಮದೇ. ಆದರೆ ನಾನು ಅದನ್ನು ತಿದ್ದಿದ್ದೆ. ಡಾಕ್ಟರು ಉತ್ತರ ಕೊಟ್ಟದ್ದು ನಾನು ತಿದ್ದಿದ್ದಕ್ಕೆ. ನಿಮಗೆ ಗೊತ್ತಾಗದಿದ್ದುದು ಅದಕ್ಕೇ."

ಅವಳು ನನ್ನ ಮುಖ ನೋಡಿದಳು. ಸಿಟ್ಟು ಬರುತ್ತದೆ ಎಂದು ಕಾದೆ, ಬಂದರೆ ಒಳ್ಳೆಯದು ಎಂದು ಕೂಡ ಅನ್ನಿಸಿತು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವವರ ಹಾಗೆ ಕೇಳಿದಳು.

"ಅದ್ರಲ್ಲಿ ತಿದ್ದಕ್ಕೆ ಏನಿತ್ತಮ್ಮ?"